ಕಂಪನಿಗಳಿಗಿಂತ ಮೊದಲೇ ಸೊಸೈಟಿ ಇತ್ತು

ಪತ್ರ: ‘ಈ ವರ್ಷವೂ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿ ಅಂತ ನಮ್ಮ ಸಹಕಾರಿ ಸೊಸೈಟಿ ಕಾರ್ಯದರ್ಶಿ ಮನೆಗೇ ಬಂದಿದ್ದರು. ಬೇಡ ಅಂದೆ. ಬೆಂಗಳೂರಿನಲ್ಲಿರುವ ಮಗ ನಮ್ಮಿಬ್ಬರಿಗೂ ಕಂಪನಿ ಪಾಲಿಸಿ ಮಾಡಿಸಿದ್ದಾನೆ. ಆರೋಗ್ಯ ವಿಮೆ ಕಂಪನಿಗಳು ಹುಟ್ಟುಹಾಕಿದ್ದು. ಅದನ್ನು ಅವರೇ ನಡೆಸಲಿ. ಸೊಸೈಟಿ ಸಾಲ, ಗೊಬ್ಬರ ನೋಡಿಕೊಂಡರೆ ಸಾಕು, ಅಲ್ವಾ?’
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಮಗ ಮಾಡಿದ್ದು ಒಳ್ಳೆಯ ಕೆಲಸ. ಕಂಪನಿ ಪಾಲಿಸಿಗಳ ನಿಯಮ ಈಚೆಗೆ ಸುಧಾರಿಸಿದೆ ಅನ್ನುವುದೂ ನಿಜ. 65 ದಾಟಿದವರಿಗೆ ಪಾಲಿಸಿ ಇಲ್ಲ ಅನ್ನುವ ಹಾಗಿಲ್ಲ ಎಂದು 2024ರಲ್ಲಿ ನಿಯಮ ಬಂತು. ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಅವಧಿ ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿಯಿತು. ಇಷ್ಟನ್ನು ಒಪ್ಪುತ್ತೇನೆ. ಆದರೆ ‘ಕಂಪನಿಗಳು ಹುಟ್ಟುಹಾಕಿದ್ದು’ ಅಂದಿರಲ್ಲ, ಅದನ್ನು ಒಪ್ಪಲಾರೆ.

ವೇಲ್ಸ್‌ನಲ್ಲಿ ಟ್ರೆಡೆಗರ್ ಅಂತ ಒಂದು ಊರಿದೆ. ಅಲ್ಲಿನ ಗಣಿ ಕೂಲಿಗಳು ಸಂಬಳದಿಂದ ಒಂದಿಷ್ಟು ಕಾಸು ಸಂಘಕ್ಕೆ ಕೊಟ್ಟು ತಾವೇ ಡಾಕ್ಟರನ್ನು ಇಟ್ಟುಕೊಂಡಿದ್ದರು. ಅದೇ ಊರಿನ ಗಣಿ ಕೆಲಸಗಾರನ ಮಗ ಅನೈರಿನ್ ಬೆವನ್ ಮುಂದೆ ಆರೋಗ್ಯ ಮಂತ್ರಿಯಾದರು. 1948ರಲ್ಲಿ ಇಡೀ ಬ್ರಿಟನ್ನಿಗೆ ಉಚಿತ ಚಿಕಿತ್ಸೆ ತಂದವರು ಅವರೇ. ಜರ್ಮನಿಯಲ್ಲಿ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾಯಿಲೆ ವಿಮೆಯ ಕಾನೂನು ಮಾಡಿದಾಗ ಅದರ ಬೆನ್ನೆಲುಬಾದದ್ದು ಕೆಲಸಗಾರರ ನಿಧಿಗಳು. ಕೆಲಸಗಾರ ಎರಡು ಪಾಲು ಕೊಟ್ಟರೆ ಮಾಲೀಕ ಒಂದು ಪಾಲು. ಅಮೆರಿಕದ ಡಲ್ಲಾಸ್‌ನಲ್ಲಿ 1929ರಲ್ಲಿ ಶಾಲಾ ಶಿಕ್ಷಕರು ತಿಂಗಳಿಗೆ ಅರ್ಧ ಡಾಲರ್ ಕಟ್ಟಿ 21 ದಿನದ ಆಸ್ಪತ್ರೆ ವಾಸಕ್ಕೆ ಭರವಸೆ ಪಡೆದರು. ಎಲ್ಲ ಕಡೆಯೂ ಒಟ್ಟಾಗಿ ದುಡಿಯುವವರೇ ದುಡ್ಡು ಕೂಡಿಹಾಕಿದ್ದು ಕಾಣುತ್ತದೆ.

ನಮ್ಮ ದೇಶದಲ್ಲಿ ಕಾರ್ಮಿಕರ ವಿಮೆಯ ಇಎಸ್ಐ ಕಾನೂನು ಬಂದದ್ದು 1948ರಲ್ಲಿ, ಜಾರಿಯಾದದ್ದು 1952ರಲ್ಲಿ. ಅದು ಕಾರ್ಖಾನೆಯವರಿಗೆ. 1954ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಬೇರೆ ಯೋಜನೆ ಬಂತು. ಆಸ್ಪತ್ರೆ ಖರ್ಚು ಕೊಡುವ ಮೆಡಿಕ್ಲೇಮ್ ಪಾಲಿಸಿ 1986ರದ್ದು, ಅದೂ ಸರ್ಕಾರಿ ಕಂಪನಿಗಳದ್ದು. ಖಾಸಗಿ ಕಂಪನಿಗಳು ಬಂದದ್ದು 2000ದ ನಂತರ. ಇಷ್ಟೆಲ್ಲ ಆಗುವಾಗ ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ಕೊನೆಗಾರರು ಎಲ್ಲಿದ್ದರು? ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದವನ ಮನೆಯವರು ಸಾಲಕ್ಕೆ ಅಲೆಯುತ್ತಿದ್ದರು. ಗದ್ದೆ ಅಡವಿಟ್ಟು ಘಟ್ಟ ಇಳಿದು ಮಣಿಪಾಲಕ್ಕೆ ಹೋದವರು ನಿಮ್ಮೂರಲ್ಲೂ ಇದ್ದಾರು.

2003ರಲ್ಲಿ ಯಶಸ್ವಿನಿ ಶುರುವಾದದ್ದು ಈ ಹಿನ್ನೆಲೆಯಲ್ಲಿ. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಯೋಚನೆ, ಎಸ್.ಎಂ. ಕೃಷ್ಣ ಅವರ ಸರ್ಕಾರ. ಸೊಸೈಟಿ ಸದಸ್ಯರು ತಲೆಗೆ ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ಕಟ್ಟಿದರೆ ಹೃದಯದ ಆಪರೇಷನ್ನೂ ಆಗುತ್ತಿತ್ತು. ಲಕ್ಷಾಂತರ ರೈತರು ಸೇರಿದ್ದರಿಂದ ಐದು ರೂಪಾಯಿಗೆ ಆ ಬಲ ಬಂತು. ಮನೆಮನೆಗೆ ಹೋಗಿ ಹಣ ಕೂಡಿಸಲು ಸೊಸೈಟಿಯಂಥ ಜಾಲ ಬೇರೆ ಯಾರಿಗಿತ್ತು? ನಮ್ಮ ನೆಂಟರೊಬ್ಬರಿಗೆ ಪಿತ್ತಕೋಶದ ಆಪರೇಷನ್ ಆದಾಗ ಕಾರ್ಯದರ್ಶಿ ತಾವೇ ಶಿವಮೊಗ್ಗಕ್ಕೆ ಹೋಗಿ ಕಾಗದಪತ್ರ ಮಾಡಿಸಿದ್ದರು. ಅದೇ ಇನ್ನೊಬ್ಬರು ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದ್ದರೂ, ಬಿ.ಪಿ. ಇದ್ದದ್ದು ಮೊದಲೇ ಹೇಳಿಲ್ಲ ಅಂತ ಒಂದು ಕಂಪನಿ ಕ್ಲೇಮ್ ತಿರಸ್ಕರಿಸಿತು. ಅವರು ಫೋನ್ ಮಾಡಿದಾಗಲೆಲ್ಲ ಹೊಸ ದನಿ, ಮತ್ತೆ ಮೊದಲಿಂದ ಕಥೆ.

2018ರಲ್ಲಿ ಯಶಸ್ವಿನಿಯನ್ನು ಸರ್ಕಾರದ ‘ಆರೋಗ್ಯ ಕರ್ನಾಟಕ’ ಯೋಜನೆಯೊಳಗೆ ಸೇರಿಸಿಬಿಟ್ಟರು. ಸದಸ್ಯರು ಬೆಳೆಸಿದ್ದನ್ನು ಸದಸ್ಯರನ್ನೇ ಸರಿಯಾಗಿ ಕೇಳದೆ ನಿಲ್ಲಿಸಿದ್ದು ನನಗೆ ಈಗಲೂ ನೋವು. ಮತ್ತೆ ಶುರುವಾದದ್ದು 2023ರಲ್ಲಿ. ಅಷ್ಟರಲ್ಲಿ ನಿಮ್ಮಂಥ ಅನುಕೂಲಸ್ಥರು ದೂರವಾಗಿದ್ದಿರಿ. ಇದಕ್ಕೇ ನಿಮ್ಮ ಮೇಲೆ ನನ್ನ ಸಿಟ್ಟು. ಕಟ್ಟುವ ಶಕ್ತಿ ಇರುವವರು, ಈ ವರ್ಷ ಆಸ್ಪತ್ರೆಗೆ ಹೋಗದವರು ಬಿಟ್ಟುಹೋದರೆ ಕಾಯಿಲೆಯವರಷ್ಟೇ ಉಳಿಯುತ್ತಾರೆ. ಆಮೇಲೆ ಯಾವ ನಿಧಿ ತಾನೇ ನಿಲ್ಲುತ್ತದೆ? ಬೆಳೆ ವಿಮೆ ಹಣ ತಡವಾದರೆ ಕಚೇರಿ ಮುಂದೆ ಧರಣಿ ಕೂರುವ ನಾವು ಮೈಯ ವಿಷಯಕ್ಕೆ ಒಂದು ಸಭೆಗೂ ಹೋಗುವುದಿಲ್ಲ.

ಹಾಗಂತ ಕಾರ್ಡ್ ಒಂದಿದ್ದರೆ ಎಲ್ಲ ಸರಿಹೋಯಿತು ಅಂತಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. 2019ರ ಹೊತ್ತಿಗೆ ಸಾಗರದ ಅರಲಗೋಡು ಕಡೆ ಹಬ್ಬಿದಾಗಲೂ ರೋಗಿಗಳನ್ನು ಮಣಿಪಾಲಕ್ಕೇ ಸಾಗಿಸಬೇಕಾಯಿತು. ಅರವತ್ತು ವರ್ಷ ಸಾಲಲಿಲ್ಲವೇ, ಹತ್ತಿರದಲ್ಲೇ ಒಂದು ಸರಿಯಾದ ವ್ಯವಸ್ಥೆ ಮಾಡೋಕೆ? ಕಾಯಿಲೆ ಹರಡುವ ಉಣ್ಣಿ ಹುಳುವಿನ ಹುಡುಕಾಟ, ಲಸಿಕೆ, ರಾತ್ರಿ ಸಿಗುವ ಡಾಕ್ಟರು – ಇದ್ಯಾವುದನ್ನೂ ಯಾವ ಪಾಲಿಸಿಯೂ ಕೊಡುವುದಿಲ್ಲ. ಅದನ್ನು ಸರ್ಕಾರದಿಂದ ಕೇಳಿ ಪಡೆಯಬೇಕು. ಮನೆಯಲ್ಲಿ ಒಬ್ಬೊಬ್ಬರೇ ಕೂತು ಪಾಲಿಸಿ ಓದುವವರಿಂದ ಅದು ಆಗದು.

ಮಗನ ಪಾಲಿಸಿ ಇರಲಿ. ಅದರ ಜೊತೆಗೆ ಇದನ್ನೂ ಮಾಡಿಸಿ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಐದು ಲಕ್ಷದವರೆಗೆ ಚಿಕಿತ್ಸೆ. ಮುಂದಿನ ಸರ್ವಸದಸ್ಯರ ಸಭೆಗೆ ಬನ್ನಿ. ಯಶಸ್ವಿನಿ ಪಟ್ಟಿಯಲ್ಲಿ ನಮ್ಮ ಸುತ್ತಿನ ಯಾವ ಆಸ್ಪತ್ರೆಗಳಿವೆ, ಯಾವುದು ಇಲ್ಲ, ಯಾಕಿಲ್ಲ ಅಂತ ಎದ್ದುನಿಂತು ಕೇಳಿ. ಸಿಕ್ಕ ಉತ್ತರವನ್ನು ನಮಗೂ ಬರೆಯಿರಿ, ಪ್ರಕಟಿಸುತ್ತೇವೆ.

– ಸಂ.