ಸೆಟ್‌ಬ್ಯಾಲೆನ್ಸ್ ಇಟ್ಟ ಮೇಲೆ ಪ್ರೈವೇಟ್ ಯಾಕೆ?

ನಮಸ್ಕಾರ.

ಜಾವಾ ಪ್ರೋಗ್ರಾಮಿಂಗ್ ಭಾಷೆಯ ಗೆಟ್ಟರ್ (ಒಳಗಿನ ಮೌಲ್ಯವನ್ನು ಓದಿ ಕೊಡುವ ಮೆಥಡ್), ಸೆಟ್ಟರ್ (ಅದನ್ನು ಬದಲಾಯಿಸುವ ಮೆಥಡ್) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಕೋಡ್ ಕೂಡ ಓಡುತ್ತದೆ. ಕನ್ನಡದಲ್ಲಿ ಇಂಥದ್ದು ಬರೆಯುವವರು ಕಡಿಮೆ, ಬಿಡಬೇಡಿ. ಆದರೆ ಬ್ಯಾಂಕ್ ಖಾತೆಯ ಉದಾಹರಣೆ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ಮೊದಲ ಸಾಲು: ‘ಬ್ಯಾಲೆನ್ಸ್ ಪ್ರೈವೇಟ್ ಆಗಿರುವುದರಿಂದ ಹೊರಗಿನವರು ಮುಟ್ಟಲು ಆಗುವುದಿಲ್ಲ.’ ಸರಿ. ಅದರ ಕೆಳಗೇ ಸೆಟ್‌ಬ್ಯಾಲೆನ್ಸ್ ಅನ್ನುವ, ಹೊರಗಿನ ಯಾರು ಬೇಕಾದರೂ ಕರೆಯಬಹುದಾದ ಪಬ್ಲಿಕ್ ಮೆಥಡ್ ಇದೆ. ಅದರೊಳಗೆ ಒಂದೇ ಸಾಲು, ಕೊಟ್ಟ ಮೊತ್ತವನ್ನು ಹಾಗೇ ಬ್ಯಾಲೆನ್ಸ್‌ಗೆ ತುಂಬುವುದು. ಯಾರೋ ಅದಕ್ಕೆ ಮೈನಸ್ 5,000 ಕೊಟ್ಟರೆ? ಅದೂ ಹೋಗಿ ಕೂರುತ್ತದೆ. ಮುಂದಿನ ಸಾಲಿನಲ್ಲಿ ‘ಹೀಗೆ ನಮ್ಮ ಡೇಟಾ ಸುರಕ್ಷಿತ’ ಅಂದಿದ್ದೀರಿ. ಎಲ್ಲಿ ಸುರಕ್ಷಿತ?

ಬ್ಯಾಂಕಿಗೆ ಹೋಗಿ ‘ನನ್ನ ಬ್ಯಾಲೆನ್ಸ್ ಇಷ್ಟು ಅಂತ ಬರ್ಕೊಳ್ಳಿ’ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ದುಡ್ಡು ಕಟ್ಟುತ್ತಾರೆ, ದುಡ್ಡು ತೆಗೆಯುತ್ತಾರೆ. ಮೆಥಡ್‌ಗಳೂ ಅವೇ ಆಗಬೇಕು: ಡೆಪಾಸಿಟ್, ವಿತ್‌ಡ್ರಾ. ಖಾತೆಯಲ್ಲಿ ಅಷ್ಟು ದುಡ್ಡು ಇದೆಯಾ ಅಂತ ನೋಡುವ ಕೆಲಸ ವಿತ್‌ಡ್ರಾದ್ದು. ಗೆಟ್‌ಬ್ಯಾಲೆನ್ಸ್ ಇರಲಿ, ಎಷ್ಟಿದೆ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಇನ್ನೊಂದು ಸಾಲು: ‘ಗೆಟ್ಟರ್ ಮೂಲಕ ಓದಲು ಮಾತ್ರ ಸಾಧ್ಯ.’ ನಿಮ್ಮ ಗೆಟ್‌ಟ್ರಾನ್ಸಾಕ್ಷನ್ಸ್ ವಹಿವಾಟುಗಳ ಪಟ್ಟಿ ಇರುವ ಒಳಗಿನ ಅರೇಲಿಸ್ಟನ್ನೇ ಕೈಗೆ ಕೊಡುತ್ತದೆ. ತೆಗೆದುಕೊಂಡವರು ಅದರ ಮೇಲೆ ಕ್ಲಿಯರ್ ಅಂತ ಕರೆದರೆ ಪಾಸ್‌ಬುಕ್ಕೇ ಖಾಲಿ. ಜಾವಾ 10ರಿಂದ ಲಿಸ್ಟ್.ಕಾಪಿಆಫ್ ಇದೆ, ಬದಲಾಯಿಸಲು ಆಗದ ನಕಲು ಕೊಡಿ.

‘ಪ್ರತಿ ಪ್ರೈವೇಟ್ ಫೀಲ್ಡಿಗೂ ಗೆಟ್ಟರ್, ಸೆಟ್ಟರ್ ಕಡ್ಡಾಯ’ ಅನ್ನುವ ಸಾಲನ್ನು ನಾನು ಹೊಡೆದುಹಾಕಿದ್ದೇನೆ. ಫೀಲ್ಡ್ ಅಂದರೆ ಬ್ಯಾಲೆನ್ಸ್ ಥರ ಮೌಲ್ಯ ಇಡುವ ಜಾಗ; ಹಾಗೆ ಕಡ್ಡಾಯ ಏನಿಲ್ಲ. ಗೆಟ್, ಸೆಟ್ ಅಂತ ಹೆಸರಿಡುವ ರೂಢಿ ಗಟ್ಟಿಯಾಗಿದ್ದು ಜಾವಾ ಹುಟ್ಟುಹಾಕಿದ ಸನ್ ಮೈಕ್ರೋಸಿಸ್ಟಮ್ಸ್‌ನ 1997ರ ಜಾವಾಬೀನ್ಸ್ ನಿಯಮಾವಳಿಯಿಂದ. ಹೆಸರು ನೋಡಿಯೇ ಟೂಲ್‌ಗಳು ಪ್ರಾಪರ್ಟಿಯನ್ನು (ಓದಬಹುದಾದ, ಬದಲಾಯಿಸಬಹುದಾದ ಗುಣವನ್ನು) ಗುರುತಿಸಲಿ ಅನ್ನುವುದು ಅಲ್ಲಿನ ಉದ್ದೇಶ. ಜಾವಾ 16ರಲ್ಲಿ ಪೂರ್ತಿಯಾಗಿ ಸೇರಿದ, ಡೇಟಾ ಹಿಡಿದಿಡಲೆಂದೇ ಇರುವ ರೆಕಾರ್ಡ್‌ಗಳಿಗೆ ಸೆಟ್ಟರ್ ಇಲ್ಲವೇ ಇಲ್ಲ.

ಇಷ್ಟು ಬಿಗಿಯಾಗಿ ಹೇಳಲು ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಫೀಲ್ಡ್ ಬರೆದ ಕೂಡಲೇ ಕೋಡ್ ಬರೆಯುವ ಸಾಫ್ಟ್‌ವೇರ್ ಎಕ್ಲಿಪ್ಸ್‌ನ ಮೆನುಗೆ ಹೋಗಿ ಎಲ್ಲದಕ್ಕೂ ಗೆಟ್ಟರ್, ಸೆಟ್ಟರ್ ಮಾಡಿಸುತ್ತಿದ್ದೆ. ಒಂದು ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ಬಿಲ್‌ಗೆ ಸೆಟ್‌ಟೋಟಲ್ ಇಟ್ಟಿದ್ದೆ. ಸಾಮಾನಿನ ಒಂದು ಸಾಲು ತೆಗೆದರೂ ಕೆಲವು ಬಿಲ್‌ಗಳಲ್ಲಿ ಹಳೇ ಮೊತ್ತವೇ ಪ್ರಿಂಟ್ ಆಗುತ್ತಿತ್ತು. ಎರಡು ದಿನ ಹುಡುಕಿದೆ. ಕೊನೆಗೆ ನಮ್ಮ ಸೀನಿಯರ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ‘ಟೋಟಲ್ ಯಾಕಮ್ಮ ಬೇರೆ ಇಟ್ಕೊಂಡಿದೀಯ? ಸಾಲು ಕೂಡಿದ್ರೆ ಬರಲ್ವಾ?’ ಅಂದರು. ಸೆಟ್‌ಟೋಟಲ್ ಅಳಿಸಿ ಸೇವ್ ಒತ್ತಿದರು. ಹನ್ನೊಂದು ಕಡೆ ತಪ್ಪಿದೆ ಅನ್ನುವ ಕೆಂಪು ಗುರುತು ಬಂತು. ಹನ್ನೊಂದು ಕಡೆಯಿಂದ ನಾನೇ ಆ ಮೊತ್ತವನ್ನು ತಿದ್ದುತ್ತಿದ್ದೆ. ಒಂದೊಂದನ್ನೂ ನನ್ನ ಕೈಯಲ್ಲೇ ಸರಿ ಮಾಡಿಸಿದರು, ಸಂಜೆ ಏಳೂವರೆವರೆಗೆ.

ನೀವೂ ಸೆಟ್‌ಬ್ಯಾಲೆನ್ಸ್ ಅಳಿಸಿ ನೋಡಿ, ಕೆಂಪು ಗುರುತು ಬಂದ ಕಡೆಯೆಲ್ಲ ಏನು ಬರೆಯಬೇಕಾಯಿತು ಅನ್ನುವುದನ್ನೇ ಲೇಖನಕ್ಕೆ ಸೇರಿಸಿ ಕಳಿಸಿ. ದುಡ್ಡು ಸಾಲದಿದ್ದಾಗ ನಿಮ್ಮ ವಿತ್‌ಡ್ರಾ ಏನು ಮಾಡುತ್ತದೆ ಅಂತ ನಾನು ಮೊದಲು ನೋಡುತ್ತೇನೆ.