ಮಂಪ್ಸ್ ಅನ್ನುವ ಹಳೇ ಡೇಟಾಬೇಸ್ ಈಗಲೂ ಎಲ್ಲಾದರೂ ಬಳಕೆಯಲ್ಲಿದೆಯೇ?

ಇದೆ, ಅದೂ ಆಸ್ಪತ್ರೆಗಳಲ್ಲೇ ಜಾಸ್ತಿ. 1960ರ ದಶಕದಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಇದು ಶುರುವಾಯಿತು. ಇದು ಪ್ರೋಗ್ರಾಮಿಂಗ್ ಭಾಷೆಯೂ ಹೌದು, ಡೇಟಾಬೇಸೂ ಹೌದು.

ಇದರಲ್ಲಿ ಮಾಹಿತಿ ಸಾಲು-ಕಾಲಂಗಳ ಟೇಬಲ್‌ನಲ್ಲಿ ಕೂರುವುದಿಲ್ಲ, ಮರದ ಕೊಂಬೆಗಳ ಹಾಗೆ ಕವಲೊಡೆಯುತ್ತದೆ. ರೋಗಿಯ ನಂಬರ್, ಅದರ ಕೆಳಗೆ ತಾರೀಕು, ಅದರ ಕೆಳಗೆ ಆ ದಿನದ ಸಕ್ಕರೆ ಮಟ್ಟ, ಬಿಪಿ. ಒಬ್ಬರಿಗೆ ಎರಡೇ ಪರೀಕ್ಷೆ ಆಗಿರುತ್ತದೆ, ಇನ್ನೊಬ್ಬರಿಗೆ ಇನ್ನೂರು, ಅಲ್ವಾ? ಮಾಡಿಸದ ಪರೀಕ್ಷೆಗೆ ಇಲ್ಲಿ ಸುಮ್ನೆ ಖಾಲಿ ಜಾಗ ಕಾದಿರಿಸಬೇಕಿಲ್ಲ. ಆಸ್ಪತ್ರೆಗೆ ಇದು ಇಷ್ಟು ಒಗ್ಗಿದ್ದೇ ಈ ಕಾರಣಕ್ಕೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆ ಇಡುವ ವಿಸ್ಟಾ ವ್ಯವಸ್ಥೆ ಇದರ ಮೇಲೇ ಕಟ್ಟಿದ್ದು. ಅಲ್ಲಿನ ದೊಡ್ಡ ಆಸ್ಪತ್ರೆಗಳು ಬಳಸುವ ಎಪಿಕ್ ತಂತ್ರಾಂಶದ ಬೇರೂ ಇದೇ.

ಬ್ಯಾಂಕ್‌ಗಳಲ್ಲೂ ಇದೆ. ಜಿಟಿ.ಎಂ ಅನ್ನುವ ಇದರ ರೂಪದ ಮೇಲೆ ಖಾತೆ ನಿರ್ವಹಿಸುವ ಪ್ರೊಫೈಲ್ ಎಂಬ ವ್ಯವಸ್ಥೆ ಓಡುತ್ತದೆ.

ನನಗೆ ತುಂಬಾ ಇಷ್ಟವಾದ ಬಳಕೆ ಖಗೋಳದ್ದು. 2013ರಲ್ಲಿ ಯುರೋಪ್ ಹಾರಿಸಿದ ಗಾಯಾ ದೂರದರ್ಶಕ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಅಳೆಯಿತು. ಆ ಲೆಕ್ಕಾಚಾರಕ್ಕೆ ಬಳಸಿದ ಕ್ಯಾಶೆ ಡೇಟಾಬೇಸ್ ಮಂಪ್ಸ್ ವಂಶದ್ದೇ.

ಹೊಸಬರು ಕಲಿಯಬೇಕೇ? ಆಸ್ಪತ್ರೆ ತಂತ್ರಾಂಶದ ಕೆಲಸಕ್ಕೆ ಹೋಗುವುದಾದರೆ ಖಂಡಿತ ಕಲಿಯಿರಿ.