ಹಿತ್ತಲಿಗೆ ಬರೋ ರಕೂನ್ ಹಿಡಿಯೋಕೆ ಯಾವ ಟ್ರ್ಯಾಪ್ ತಗೊಳ್ಲಿ: ಕೇಜಾ, ಡಾಗ್ ಪ್ರೂಫಾ, 220 ಬಾಡಿ ಗ್ರಿಪ್ಪಾ?

ಹೋದ ವರ್ಷ ಜೋಳ ಹೋಯ್ತು, ಈಗ ಮೇ ತಿಂಗಳಲ್ಲಿ ಕೋಳಿ ಹೋಯ್ತು, ಇರೋದು ಅಮೆರಿಕದ ಒಹಾಯೊ ರಾಜ್ಯದಲ್ಲಿ ಅಂತ ಬರೆದಿದೀರಲ್ಲ, ಅಷ್ಟು ಸಾಕು ನಂಗೆ. ದಯವಿಟ್ಟು ಇವತ್ತು ಯಾವ ಟ್ರ್ಯಾಪೂ ಆರ್ಡರ್ ಮಾಡ್ಬೇಡಿ. ನಾನೂ ಒಹಾಯೊದಲ್ಲೇ ಇರೋದು, ಕೊಲಂಬಸ್ ಕಡೆ. ಊರು ತೀರ್ಥಹಳ್ಳಿ ಹತ್ರ, ಮಣ್ಣು ಕಂಡ್ರೆ ಕೈ ಸುಮ್ನಿರಲ್ಲ, ಮನೆ ತಗೊಂಡ ತಕ್ಷಣ ಹಿತ್ತಲಲ್ಲಿ ಸ್ವೀಟ್ ಕಾರ್ನ್ ಹಾಕಿದ್ವಿ. ನಾಳೆ ಕೀಳೋಣ ಅಂದ್ಕೊಂಡ ರಾತ್ರೀನೇ ರಕೂನ್‌ಗಳು (ಕಣ್ಣ ಸುತ್ತ ಕಪ್ಪು ಪಟ್ಟೆ ಇರೋ, ರಾತ್ರಿ ಓಡಾಡೋ ಇಲ್ಲಿನ ಕಾಡುಪ್ರಾಣಿ) ಬಂದು ಸಾಲುಸಾಲು ಮಲಗಿಸಿ, ಒಂದೊಂದು ತೆನೇಲೂ ಎರಡು ಬಾಯಿ ಕಚ್ಚಿ ಬಿಸಾಕಿ ಹೋಗಿದ್ವು. ನಿಮ್ಮ ಸಿಟ್ಟು ನಂಗೆ ಚೆನ್ನಾಗಿ ಅರ್ಥ ಆಗುತ್ತೆ.

ಅದರ ಮುಂದಿನ ವರ್ಷ ಮೇ ತಿಂಗಳಲ್ಲಿ ಒಂದು ರಕೂನ್ ಸಂಜೆ ಬೆಳಕಿರೋವಾಗ್ಲೇ ಕಸದ ಡಬ್ಬಿ ಹತ್ರ ಓಡಾಡೋಕೆ ಶುರು ಮಾಡ್ತು. ಈ ಸಲ ಜೋಳ ಬರೋಕೆ ಮುಂಚೆನೇ ಇದನ್ನ ಸಾಗಹಾಕೋಣ ಅಂತ ದೊಡ್ಡ ಕೇಜ್ (ಜೀವಂತ ಹಿಡಿಯೋ ಬೋನು) ತಂದೆ, ಬಿತ್ತು, ಸಾಯಿಸೋಕೆ ಮನಸ್ಸಿಲ್ಲ, ಕಾರಿನ ಡಿಕ್ಕೀಲಿ ಹಾಕ್ಕೊಂಡು ದೂರದ ಕಾಡಿನ ಅಂಚಲ್ಲಿ ಬಿಟ್ಟು ಬಂದೆ. ಪುಣ್ಯದ ಕೆಲಸ ಅಂತ್ಲೇ ಅಂದ್ಕೊಂಡಿದ್ದೆ. ಆಮೇಲೆ ಎರಡ್ಮೂರು ದಿನ ಅಟ್ಟದ ಕಡೆಯಿಂದ ಚಿಲಿಪಿಲಿ ಸದ್ದು ಬರ್ತಿತ್ತು, ಸೂರಲ್ಲಿ ಹಕ್ಕಿ ಗೂಡು ಕಟ್ಟಿರ್ಬೇಕು ಅಂತ ಮಕ್ಕಳಿಗೂ ಹೇಳ್ದೆ. ಸದ್ದು ನಿಂತ್ಹೋಯ್ತು. ಸ್ವಲ್ಪ ದಿನಕ್ಕೆ ವಾಸನೆ ಶುರುವಾಯ್ತು. ರಕೂನ್ ಮರಿಗಳ ಕೂಗು ಹಕ್ಕಿ ಮರಿ ಥರಾನೇ ಇರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ.

ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಟ್ರ್ಯಾಪ್ ಹೋಲಿಸಿ ಬರೆಯೋರು ಯಾರೂ ಇದನ್ನ ಹೇಳಲ್ಲ. ಈ ಕಡೆ ರಕೂನ್ ಮರಿ ಹಾಕೋದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ, ಸಾಮಾನ್ಯವಾಗಿ 3ರಿಂದ 5 ಮರಿ. ಹುಟ್ಟಿದಾಗ ಕಣ್ಣು ಬಿಟ್ಟಿರಲ್ಲ, ಸುಮಾರು 3 ವಾರ ಬೇಕು. ತಾಯಿ ಹಿಂದೆ ಓಡಾಡೋಕೆ 8ರಿಂದ 10 ವಾರ ಆಗುತ್ತೆ. ಗಂಡು ರಕೂನ್ ಮರಿಗಳನ್ನ ನೋಡ್ಕೊಳ್ಳಲ್ಲ, ತಾಯಿ ಒಬ್ಳೇ. ಅವಳಿಗೆ ಹಾಲುಣಿಸೋ ಹಸಿವು, ಅದಕ್ಕೇ ಬೆಳಕಿದ್ದಾಗ್ಲೇ ಹೊರಗೆ ಬರ್ತಾಳೆ, ಅದಕ್ಕೇ ಟ್ರ್ಯಾಪಿಗೂ ಬೇಗ ಬೀಳ್ತಾಳೆ. ಅಂದ್ರೆ ಮೇ ತಿಂಗಳಲ್ಲಿ ಮನೆ ಹತ್ರ ಬೀಳೋ ರಕೂನ್ ಬಾಣಂತಿ ಆಗಿರೋ ಸಾಧ್ಯತೆ ತುಂಬಾ ಇರುತ್ತೆ. ಕೇಜಲ್ಲಿ ಅದು ಎದ್ದು ನಿಂತಾಗ ಹೊಟ್ಟೆ ಮೇಲೆ ಮೊಲೆತೊಟ್ಟು ಎದ್ದು ಕಾಣ್ತಿತ್ತು, ನಾನು ಕಣ್ಣಾರೆ ನೋಡಿದ್ದೆ, ಅದರ ಅರ್ಥ ತಲೆಗೆ ಹೋಗ್ಲಿಲ್ಲ. ಅಟ್ಟದ ಇನ್ಸುಲೇಷನ್ ಪೂರ್ತಿ ತೆಗೆಸಿ ಹೊಸದು ಹಾಕಿಸ್ಬೇಕಾಯ್ತು, ಜೋಳದ ಲೆಕ್ಕ ಅದರ ಮುಂದೆ ಏನೂ ಅಲ್ಲ. ಮರಿಗಳನ್ನ ಹೊರಗೆ ತಂದಾಗ ಮಗಳು ನೋಡಿಬಿಟ್ಲು, ಅದು ದುಡ್ಡಲ್ಲಿ ತೀರೋದಲ್ಲ.

ಇನ್ನು ದೂರ ಬಿಟ್ಟು ಬರೋ ವಿಚಾರ. ಒಹಾಯೊದಲ್ಲಿ ಅದು ನಿಯಮಕ್ಕೇ ವಿರುದ್ಧ: ಕಾಟ ಕೊಡೋ ರಕೂನ್ ಹಿಡಿದ್ರೆ ಅಲ್ಲೇ ನಿಮ್ಮ ಜಾಗದಲ್ಲೇ ಬಿಡ್ಬೇಕು, ಇಲ್ಲಾಂದ್ರೆ ಹಿಂಸೆ ಆಗದ ಹಾಗೆ ಸಾಯಿಸ್ಬೇಕು. ನಂಗೆ ಇದು ಗೊತ್ತಾಗಿದ್ದು ಆಮೇಲೆ. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ರಕೂನ್ ರೇಬೀಸ್ ಮೊದ್ಲು ಫ್ಲೋರಿಡಾ, ಜಾರ್ಜಿಯಾ ಕಡೆಗಷ್ಟೇ ಇತ್ತು. 1970ರ ದಶಕದಲ್ಲಿ ಬೇಟೆಗೆ ಅಂತ ಅಲ್ಲಿಂದ ರಕೂನ್‌ಗಳನ್ನ ವರ್ಜೀನಿಯಾ, ವೆಸ್ಟ್ ವರ್ಜೀನಿಯಾ ಕಡೆ ಸಾಗಿಸಿದ್ರು, ರೋಗಾನೂ ಜೊತೆಗೆ ಬಂತು, ಪೂರ್ವ ಕರಾವಳಿ ಪೂರ್ತಿ ಹಬ್ತು. ಒಹಾಯೊದ ಪೂರ್ವ ಭಾಗದಲ್ಲಿ 1997ರಿಂದ ಲಸಿಕೆ ತುಂಬಿದ ತಿಂಡಿನ ವಿಮಾನದಿಂದ ಉದುರಿಸ್ತಾ ಇದಾರೆ. ನಮ್ಮ ಮಲೆನಾಡಲ್ಲಿ ಒಂದೂರಿನ ಮಂಗ ಹಿಡಿದು ಇನ್ನೊಂದೂರಿನ ಕಾಡಿಗೆ ಬಿಟ್ಟು ಬರ್ತಾರಲ್ಲ, ಅದೇ ಕಥೆ.

ಈಗ ನೀವು ಕೇಳಿದ್ದಕ್ಕೆ ಬರ್ತೀನಿ. 220 ಬಾಡಿ ಗ್ರಿಪ್ ಮರೆತುಬಿಡಿ. ಅದು ಸುಮಾರು 7 ಇಂಚಿನ ಚೌಕ, ತಲೆ ತೂರಿಸಿದ್ದನ್ನ ಕತ್ತಲ್ಲಿ ಹಿಡಿದು ಕೊಲ್ಲುತ್ತೆ, ಅದು ಪಕ್ಕದ ಮನೆ ಬೆಕ್ಕೋ ನಾಯೀನೋ ಅಂತ ಕೇಳಲ್ಲ. ಮನೆಗಳ ಮಧ್ಯೆ ಅದನ್ನ ಇಡಲೇಬಾರದು. ಡಾಗ್ ಪ್ರೂಫ್ ಅಂದ್ರೆ ಕೊಳವೆ, ತಳದಲ್ಲಿ ತಿಂಡಿ, ರಕೂನ್ ಕೈ ಹಾಕಿ ಟ್ರಿಗರ್ ಎಳೆದ್ರೆ ಕೈ ಸಿಕ್ಕಿಹಾಕ್ಕೊಳ್ಳುತ್ತೆ. ನಾಯಿ ಆ ಥರ ಕೈ ಹಾಕಿ ಎಳೆಯಲ್ಲ, ಅದಕ್ಕೇ ಆ ಹೆಸರು. ತೋಟದೋರಿಗೆ, ತುಪ್ಪಳಕ್ಕೆ ಹಿಡಿಯೋರಿಗೆ ಒಳ್ಳೇ ಸಾಧನಾನೇ. ಆದ್ರೆ ಬೆಳಿಗ್ಗೆ ನೀವು ಹೋಗಿ ನೋಡಿದಾಗ ಕೈ ಸಿಕ್ಕಿರೋ, ಸಿಟ್ಟಾಗಿರೋ ಪ್ರಾಣಿ ಎದುರಿಗಿರುತ್ತೆ, ಅದನ್ನ ಮುಗಿಸೋಕೆ ಗನ್ ಬೇಕು, ಮನೆಗಳ ಮಧ್ಯೆ ಗುಂಡು ಹೊಡೆಯೋ ಹಾಗಿಲ್ಲ. ಉಳಿಯೋದು ಕೇಜ್ ಒಂದೇ, ಅದೂ ಆಗಸ್ಟ್ ಬರೋವರೆಗೂ ಬೇಡ. ಇಡೋದೇ ಆದ್ರೆ ಸುಮಾರು 32 ಇಂಚು ಉದ್ದದ್ದು ತಗೊಳ್ಳಿ, ನೆಲಕ್ಕೆ ಗೂಟ ಹೊಡೆದು ಬಿಗೀರಿ, ಇಲ್ಲಾಂದ್ರೆ ಉರುಳಿಸುತ್ತೆ. ತಿಂಡಿ ಇಡೋ ಕಡೆ ಸಣ್ಣ ಕಣ್ಣಿನ ಜಾಲರಿ ಸುತ್ತಿ, ಇಲ್ಲಾಂದ್ರೆ ಹೊರಗಿಂದ್ಲೇ ಕೈ ಹಾಕಿ ತೆಗೆಯುತ್ತೆ. ಮೀನು, ಕ್ಯಾಟ್ ಫುಡ್ ಇಟ್ರೆ ಬೆಕ್ಕು, ಸ್ಕಂಕ್ (ಗಬ್ಬು ವಾಸನೆ ಚಿಮ್ಮಿಸೋ ಪ್ರಾಣಿ) ಬರ್ತವೆ, ಮಾರ್ಷ್‌ಮ್ಯಾಲೋ (ಮೆತ್ತನೆ ಸಕ್ಕರೆ ಮಿಠಾಯಿ) ಇಡಿ. ಹಗಲಲ್ಲಿ ಬಾಗಿಲು ಮುಚ್ಚಿಡಿ, ಬೆಳಕು ಹರಿಯೋ ಹೊತ್ತಿಗೇ ಹೋಗಿ ನೋಡಿ. ಬಿದ್ದ ಮೇಲೆ ಲೈಸೆನ್ಸ್ ಇರೋ ಟ್ರ್ಯಾಪರ್‌ನ ಕರೀರಿ, ಏನು ಮಾಡ್ತೀರಿ ಅಂತ ಮುಂಚೆನೇ ಕೇಳಿ.

ಆದ್ರೆ ನನ್ನ ಕೇಳಿದ್ರೆ ನಿಮ್ಮ ಪ್ರಶ್ನೇನೇ ತಪ್ಪು. ಒಂದು ಹೋದ್ರೆ ಅದೇ ಜಾಗಕ್ಕೆ ಇನ್ನೊಂದು ಬರುತ್ತೆ, ಅಲ್ಲಿ ಊಟ ಇದೆಯಲ್ಲ. ಕೋಳಿ ಗೂಡಿಗೆ ಚಿಕನ್ ವೈರ್ (ತೆಳು ತಂತಿ ಬಲೆ) ಇದ್ರೆ ಇವತ್ತೇ ಕಿತ್ತು ಅರ್ಧ ಇಂಚು ಕಣ್ಣಿನ ಹಾರ್ಡ್‌ವೇರ್ ಕ್ಲಾತ್ (ಗಟ್ಟಿ ತಂತಿ ಜಾಲರಿ) ಹಾಕಿ, ಚಿಕನ್ ವೈರ್ ಕೋಳೀನ ಒಳಗಿಡುತ್ತೆ ಅಷ್ಟೇ, ರಕೂನ್ ಅದನ್ನ ಹರಿಯುತ್ತೆ. ಬರೀ ಚಿಲಕ ಸಾಲಲ್ಲ, ಅವು ಕೈಯಲ್ಲೇ ತೆಗೀತವೆ, ಕ್ಲಿಪ್ಪೋ ಬೀಗಾನೋ ಹಾಕಿ. ಅಟ್ಟಕ್ಕೆ, ಡೆಕ್ (ಮನೆ ಹೊರಗಿನ ಮರದ ಜಗಲಿ) ಕೆಳಗೆ ದಾರಿ ಇದ್ರೆ ಮರಿಗಳು ತಾಯಿ ಜೊತೆ ಹೊರಟು ಹೋಗಿವೆ ಅಂತ ಖಾತ್ರಿ ಆದ್ಮೇಲೆ ಮುಚ್ಚಿಸಿ. ಕಟ್ಟಿಗೆ ರಾಶಿ ಹತ್ರ ಒಂದೇ ಕಡೆ ಹಿಕ್ಕೆ ಗುಡ್ಡೆ ಬಿದ್ದಿದ್ರೆ ಮಕ್ಕಳನ್ನ ಬಿಡ್ಬೇಡಿ. ಅದರಲ್ಲಿ ದುಂಡುಹುಳದ ಮೊಟ್ಟೆ ಇರುತ್ತೆ, ಹೊಟ್ಟೆಗೆ ಹೋದ್ರೆ ಮಿದುಳಿಗೇ ಅಪಾಯ, ಬ್ಲೀಚಿಗೂ ಸಾಯಲ್ಲ. ಗ್ಲೌಸ್, ಮಾಸ್ಕ್ ಹಾಕ್ಕೊಂಡು ತೆಗೆದು, ಆ ಜಾಗಕ್ಕೆ ಕುದಿಯೋ ನೀರು ಹಾಕಿ.

ಜೋಳಕ್ಕೆ ಕರೆಂಟ್ ಬೇಲಿ. ಎರಡೇ ತಂತಿ, ನೆಲದಿಂದ 6 ಇಂಚಿಗೆ ಒಂದು, 12 ಇಂಚಿಗೆ ಒಂದು, ಬೇಲಿಗೆ ಅಂತ್ಲೇ ಮಾರೋ ಸಣ್ಣ ಚಾರ್ಜರ್ ಸಾಕು, ಮನೆ ಕರೆಂಟ್ ಮಾತ್ರ ನೇರವಾಗಿ ಯಾವತ್ತೂ ಕೊಡ್ಬೇಡಿ. ತೆನೆ ಹಾಲು ತುಂಬೋಕೆ ಎರಡು ವಾರ ಮುಂಚೆನೇ ಹಾಕ್ಬೇಕು, ಒಂದ್ಸಲ ರುಚಿ ನೋಡಿದ ಮೇಲೆ ತಡೆಯೋದು ಕಷ್ಟ. ತಂತಿಗೆ ಹುಲ್ಲು ತಾಗಿದ್ರೆ ಕರೆಂಟ್ ನೆಲಕ್ಕೆ ಇಳಿದುಹೋಗುತ್ತೆ, ಕೆಳಗಡೆ ಹುಲ್ಲು ಕತ್ತರಿಸ್ತಾ ಇರಿ. ಈಗ ಮೇ ತಿಂಗಳು, ನಿಮಗಿನ್ನೂ ಬೇಕಾದಷ್ಟು ಟೈಮ್ ಇದೆ.